ಅಂಕಿಗೆ ರೂಪಾಯಿಯ ವೇಷ



ಲೆಕ್ಕವೆಂದೊಡನೆ ನಿಮ್ಮಲ್ಲಿ ಹಲವರ ಮುಖ ಬಾಡುವುದನ್ನು ನಾವು ಬಲ್ಲೆವು. ಆದರೆ ಈ ಸಂಚಿಕೆಯಲ್ಲಿ ನಾವು ನಿಮ್ಮ ಮುಂದಿಡುವುದು ಕೂಡುವ ಕಳೆಯುವ ಪಾಠವಲ್ಲ. ಆ ಕೆಲಸವನ್ನು ಈಗ ಗಣಕಯಂತ್ರವೇ ಮಾಡಿಕೊಡುತ್ತದೆ. ಅದು ಮಾಡಿದ ಲೆಕ್ಕವನ್ನು ನಾಲ್ಕು ಜನರ ಮುಂದೆ ರೂಪಾಯಿ ಪೈಸೆಗಳ ರೂಪದಲ್ಲಿ ತೋರಿಸುವುದು ಹೇಗೆ ಎಂಬುದೇ ಇಂದಿನ ವಿಷಯ. ವಿಷಯವು ಸಣ್ಣದೆಂದು ತೋರಬಹುದು. ಆದರೆ ಇದನ್ನು ಸರಿಯಾಗಿ ತಿಳಿಸದೆ ಹೋದ ಕಾರಣ ನಮ್ಮ ತರಗತಿಯ ಒಬ್ಬ ಹುಡುಗಿ ತುಂಬಿದ ಸಭೆಯಲ್ಲಿ ತಪ್ಪಿತಸ್ಥಳಂತೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆದುದರಿಂದ ಮೊದಲು ಆ ಸಂಗತಿಯನ್ನೇ ಹೇಳುತ್ತೇವೆ.

ಒಂದು ವರ್ಷ ಹತ್ತನೆಯ ತರಗತಿಯವರು ಬೀಳ್ಕೊಡುಗೆಯ ಸಮಾರಂಭಕ್ಕೆಂದು ತಲಾ 150 ರೂಪಾಯಿಗಳಂತೆ ಹಣ ಕೂಡಿಸಿದರು. ತರಗತಿಯಲ್ಲಿ 38 ಮಂದಿ. ಹಣವನ್ನು ಕಾಪಾಡುವ, ಲೆಕ್ಕ ಬರೆಯುವ ಹೊಣೆಯನ್ನು ಒಬ್ಬ ಹುಡುಗಿಗೆ ವಹಿಸಿದ್ದೆವು. ನಮ್ಮಿಂದ ಆಗತಾನೇ ಎಕ್ಸೆಲ್ ಕಲಿತಿದ್ದ ಉತ್ಸಾಹದಲ್ಲಿ ಆಕೆ ವಹಿಯನ್ನು ಬಿಟ್ಟು ಯಂತ್ರದಲ್ಲಿಯೇ ಲೆಕ್ಕವನ್ನು ಬರೆದಳು. ಪಾಲಕರ ಸಭೆಯ ದಿನ ಆ ಹಾಳೆಯನ್ನು ಪರದೆಯ ಮೇಲೆ ತೋರಿಸಿದೆವು. ಮೂವತ್ತೆಂಟು ಹೆಸರುಗಳು, ಪ್ರತಿಯೊಂದರ ಮುಂದೆ ನೂರೈವತ್ತು. ಕಟ್ಟಕಡೆಗೆ ಒಟ್ಟು ಮೊತ್ತ 3,900. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಮನಸ್ಸಿನಲ್ಲಿಯೇ ಗುಣಿಸಿ, “38 ಮಂದಿಗೆ 150ರಂತೆ 5,700 ಆಗಬೇಕಲ್ಲವೇ? ಉಳಿದ 1,800 ಎಲ್ಲಿ?” ಎಂದು ಕೇಳಿದರು.

ಹುಡುಗಿಗೆ ಉತ್ತರ ತೋಚಲಿಲ್ಲ. ಸಭೆಯಲ್ಲಿ ಗುಸುಗುಸು ಆರಂಭವಾಯಿತು. ಆಗ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ತಲೆ ನೆರೆಸಿಕೊಂಡ ಪಾಲಕರೊಬ್ಬರು ಎದ್ದು ನಿಂತು, “ಮಾಷ್ಟ್ರೇ, ಮೊದಲು ಡಬ್ಬಿ ತೆರೆದು ಎಣಿಸೋಣ. ಮಾತು ಆಮೇಲೆ” ಎಂದರು. ಎಣಿಸಿದೆವು. ಡಬ್ಬಿಯಲ್ಲಿ ಸರಿಯಾಗಿ 5,700 ರೂಪಾಯಿಗಳಿದ್ದುವು. ಹಣವೆಲ್ಲ ಡಬ್ಬಿಯಲ್ಲಿದ್ದಿತು, ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಅವರು ಹುಡುಗಿಯ ಕಡೆಗೆ ತಿರುಗಿ, “ಅಳಬೇಡ ಮಗಾ. ಗಲ್ಲಾದಲ್ಲಿ ಹಣ ಕಡಿಮೆ ಬಂದರೂ ತಪ್ಪೇ, ಹೆಚ್ಚು ಬಂದರೂ ತಪ್ಪೇ. ಎಲ್ಲಿ ತಪ್ಪಿತೆಂದು ಹುಡುಕಿಬಿಡು, ಅಷ್ಟೇ” ಎಂದರು.

ಆ ಸಂಜೆ ಹುಡುಗಿಯೂ ನಾವೂ ಕೂಡಿ ಹುಡುಕಿದೆವು. ಮೊದಲಿನ 12 ಹೆಸರುಗಳ ಮುಂದೆ ಆಕೆ ಅಂದವಾಗಿ ಕಾಣಲೆಂದು “ರೂ. 150” ಎಂದು ಬರೆದಿದ್ದಳು. ಅನಂತರ ಅವಸರಕ್ಕೆ ಬರಿದೇ “150” ಎಂದು ಬರೆಯುತ್ತ ಹೋಗಿದ್ದಳು. ಯಂತ್ರವು “ರೂ.” ಎಂಬ ಅಕ್ಷರವನ್ನು ಕಂಡೊಡನೆ ಆ ಹನ್ನೆರಡನ್ನೂ ಅಂಕಿಗಳೆಂದು ಎಣಿಸದೆ ಮಾತುಗಳೆಂದು ಎಣಿಸಿ, ಕೂಡಿಸುವಾಗ ಕೈಬಿಟ್ಟಿತ್ತು. ಉಳಿದ 26 ಮಂದಿಯ ಮೊತ್ತವೇ ಆ 3,900. ಕೂಡಿಸುವುದನ್ನು ಕಲಿಸಿದ್ದ ನಾವು ಈ ಒಂದು ಮಾತನ್ನು ಕಲಿಸಿರಲಿಲ್ಲ. ತಪ್ಪು ನಮ್ಮದು. ಅದರ ಪ್ರಾಯಶ್ಚಿತ್ತವೆಂದೇ ಈ ಪಾಠವನ್ನು ತಿಳಿಯಿರಿ.

1. ಒಳಗಿನ ಬೆಲೆ, ಹೊರಗಿನ ವೇಷ

ಸ್ಪ್ರೆಡ್‌ಶೀಟ್ ಎಂಬುದು ಚೌಕಾಬಾರದ ಹಾಸಿನಂತೆ ಮನೆಗಳುಳ್ಳ ಒಂದು ದೊಡ್ಡ ಹಾಳೆ. ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಅಕ್ಷರಗಳ ಹೆಸರು. ಅಡ್ಡಸಾಲುಗಳಿಗೆ 1, 2, 3 ಎಂದು ಅಂಕಿಗಳ ಹೆಸರು. ಬಿ ಕಂಬಸಾಲೂ ಎರಡನೆಯ ಅಡ್ಡಸಾಲೂ ಕೂಡುವ ಮನೆಯು ಬಿ2. ಇಂಗ್ಲಿಷಿನಲ್ಲಿ ಇದನ್ನು ಸೆಲ್ ಎನ್ನುವರು. ನಾವು ಮನೆಯೆಂದೇ ಕರೆಯೋಣ. ಗಣಕಯಂತ್ರದಲ್ಲಿ ಇಂತಹ ಹಾಳೆಯನ್ನು ಜನಪ್ರಿಯಗೊಳಿಸಿದುದು 1979ರಲ್ಲಿ ಬಂದ ವಿಸಿಕ್ಯಾಲ್ಕ್. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ಅದನ್ನು ರಚಿಸಿದರು. ನಾವು ಇಂದು ಬಳಸುವ ಎಕ್ಸೆಲ್ ಮೊದಲು ಹೊರಬಂದುದು 1985ರಲ್ಲಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಪ್ರತಿಯೊಂದು ಮನೆಯಲ್ಲಿಯೂ ಎರಡು ಸಂಗತಿಗಳಿರುತ್ತವೆ. ಒಂದು, ಒಳಗೆ ಇಟ್ಟಿರುವ ಬೆಲೆ. ಇನ್ನೊಂದು, ಹೊರಗೆ ಕಾಣುವ ರೂಪ. ನಿಮ್ಮಲ್ಲಿ ಅನೇಕರು ಈ ನಗರದಲ್ಲಿಯೂ ಯಕ್ಷಗಾನವನ್ನು ನೋಡಿದ್ದೀರಿ. ಚೌಕಿಯಲ್ಲಿ ಬಣ್ಣ ಹಚ್ಚಿ, ಕಿರೀಟವನ್ನು ಕಟ್ಟಿಕೊಂಡು ರಂಗಸ್ಥಳಕ್ಕೆ ಬಂದವನು ಅರ್ಜುನನಾಗಿ ಕಾಣುತ್ತಾನೆ. ಆದರೆ ಒಳಗಿರುವ ಮನುಷ್ಯ ಬದಲಾಗಿಲ್ಲ. ವೇಷವನ್ನು ಕಳಚಿದರೆ ಅವನು ಮೊದಲಿನವನೇ. ಹಾಗೆಯೇ 150 ಎಂಬ ಬೆಲೆಗೆ ರೂಪಾಯಿಯ ವೇಷವನ್ನು ಹಾಕಿದರೆ ಅದು ₹150.00 ಎಂದು ಕಾಣುತ್ತದೆ. ಒಳಗಿರುವುದು ಮಾತ್ರ 150. ಯಂತ್ರವು ಲೆಕ್ಕ ಮಾಡುವಾಗ ವೇಷವನ್ನು ನೋಡದೆ ಒಳಗಿನ ಬೆಲೆಯನ್ನೇ ನೋಡುತ್ತದೆ.

ನಮ್ಮ ಹುಡುಗಿ ವೇಷವನ್ನು ಹಾಕುವ ಬದಲು ಬೆಲೆಯೊಳಕ್ಕೆ ಅಕ್ಷರವನ್ನು ಬೆರೆಸಿದಳು. ಅದೇ ತೊಡಕಾಯಿತು.

2. ವೇಷ ಹಾಕುವ ಕ್ರಮ

ಮೊದಲು ಮನೆಗಳಲ್ಲಿ ಬರಿಯ ಅಂಕಿಗಳನ್ನೇ ಬರೆಯತಕ್ಕದ್ದು. ಬಳಿಕ ಆ ಮನೆಗಳನ್ನು ಆರಿಸಿ, ಕಂಟ್ರೋಲ್ ಕೀಲಿಯನ್ನೂ 1ನ್ನೂ ಒಟ್ಟಿಗೆ ಒತ್ತಿದರೆ ಎಕ್ಸೆಲ್‌ನಲ್ಲಿ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಕರೆನ್ಸಿ ಎಂದೂ ಅಕೌಂಟಿಂಗ್ ಎಂದೂ ಎರಡು ವೇಷಗಳು ಕಾಣಿಸುವುವು. ಕರೆನ್ಸಿಯಲ್ಲಿ ಹಣದ ಚಿಹ್ನೆಯು ಅಂಕಿಗೆ ಅಂಟಿಕೊಂಡು ನಿಲ್ಲುತ್ತದೆ. ಅಕೌಂಟಿಂಗ್‌ನಲ್ಲಿ ಚಿಹ್ನೆಯು ಮನೆಯ ಎಡದ ಅಂಚಿಗೆ ಸರಿದು, ದಶಾಂಶದ ಚುಕ್ಕೆಗಳೆಲ್ಲ ಒಂದೇ ನೇರಕ್ಕೆ ಬರುತ್ತವೆ. ಸೊನ್ನೆಯ ಬದಲು ಒಂದು ಗೆರೆ ಕಾಣುತ್ತದೆ. ಉದ್ದವಾದ ಜಮಾಖರ್ಚಿನ ಪಟ್ಟಿಗೆ ಎರಡನೆಯದೇ ಲೇಸು.

ಈ ವೇಷವನ್ನು ಹಾಕಿದ ಮೇಲೆ ಕೆಲವೊಮ್ಮೆ ಅಂಕಿಯ ಬದಲು ಮನೆಯ ತುಂಬ ##### ಎಂಬ ಗುರುತುಗಳು ಕಾಣುವುದುಂಟು. ಹೆದರಬೇಕಾಗಿಲ್ಲ. ಚಿಹ್ನೆ, ಅಲ್ಪವಿರಾಮ, ಪೈಸೆಗಳೆಲ್ಲ ಸೇರಿ ಅಂಕಿ ಉದ್ದವಾಗಿದೆ, ಮನೆ ಸಾಲದು ಎಂದಷ್ಟೇ ಅದರ ಅರ್ಥ. ಕಂಬಸಾಲನ್ನು ಅಗಲ ಮಾಡಿದರೆ ಅಂಕಿ ಮತ್ತೆ ಕಾಣುತ್ತದೆ.

₹ ಎಂಬ ಚಿಹ್ನೆಯನ್ನು ಭಾರತ ಸರಕಾರವು ಅಂಗೀಕರಿಸಿದುದು 2010ನೆಯ ಜುಲೈ 15ರಂದು. ದೇವನಾಗರಿಯ ರ ಅಕ್ಷರವನ್ನೂ ರೋಮನ್ ಆರ್ ಅಕ್ಷರವನ್ನೂ ಒಂದುಗೂಡಿಸಿ ಇದನ್ನು ರೂಪಿಸಿದವರು ಉದಯಕುಮಾರ್ ಎಂಬವರು. ಅದೇ ವರ್ಷ ಯೂನಿಕೋಡ್‌ನಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ವಿಂಡೋಸ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಎಂಬ ಕೀಲಿಮಣೆಯನ್ನು ಆರಿಸಿದ್ದರೆ ಬಲಗಡೆಯ ಆಲ್ಟ್ ಕೀಲಿಯೊಡನೆ 4ನ್ನು ಒತ್ತಿ ಇದನ್ನು ಪಡೆಯಬಹುದು.

3. ಲಕ್ಷ ಕೋಟಿಗಳ ಅಲ್ಪವಿರಾಮ

ಹನ್ನೆರಡು ಲಕ್ಷದ ಐವತ್ತು ಸಾವಿರವನ್ನು ನಾವು 12,50,000 ಎಂದು ಬರೆಯುತ್ತೇವೆ. ಪಾಶ್ಚಾತ್ಯರು ಇದನ್ನೇ 1,250,000 ಎಂದು ಬರೆಯುವರು. ನಮ್ಮ ಪದ್ಧತಿಯಲ್ಲಿ ಬಲಗಡೆಯಿಂದ ಮೊದಲು ಮೂರು ಅಂಕಿಗಳು, ಆಮೇಲೆ ಎರಡೆರಡು. ಅವರಲ್ಲಿ ಎಲ್ಲೆಲ್ಲಿಯೂ ಮೂರು ಮೂರು. ವಿಂಡೋಸ್‌ನಲ್ಲಿ ಪ್ರದೇಶವನ್ನು ಭಾರತವೆಂದು ಆರಿಸಿದ್ದರೆ ಎಕ್ಸೆಲ್ ಅದನ್ನು ಅನುಸರಿಸಿ ಲಕ್ಷ ಕೋಟಿಗಳ ಕ್ರಮದಲ್ಲಿಯೇ ಅಲ್ಪವಿರಾಮಗಳನ್ನು ಹಾಕುತ್ತದೆ. ಅಮೆರಿಕವೆಂದಿದ್ದರೆ ಹಾಕದು. ಆಗ ಕಸ್ಟಮ್ ಎಂಬ ಭಾಗದಲ್ಲಿ ನಾವೇ ಒಂದು ಮಾದರಿಯನ್ನು ಬರೆದು ಕೊಡಬಹುದು:

[>=10000000]##\,##\,##\,##0.00;[>=100000]##\,##\,##0.00;##,##0.00

ನೋಡಲು ಮಂತ್ರದಂತಿದ್ದರೂ ಅರ್ಥ ಸುಲಭ. ಅರ್ಧವಿರಾಮಗಳಿಂದ ಇದು ಮೂರು ಭಾಗವಾಗಿದೆ. ಅಂಕಿಯು ಒಂದು ಕೋಟಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮೊದಲನೆಯ ರೂಪ, ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಎರಡನೆಯದು, ಉಳಿದುದಕ್ಕೆಲ್ಲ ಮೂರನೆಯದು. # ಎಂದರೆ ಅಂಕಿ ಇದ್ದರೆ ತೋರಿಸು, ಇಲ್ಲದಿದ್ದರೆ ಬಿಡು ಎಂದು ಅರ್ಥ. 0 ಎಂದರೆ ಅಂಕಿ ಇಲ್ಲದಿದ್ದರೂ ಸೊನ್ನೆಯನ್ನು ತೋರಿಸು ಎಂದು ಅರ್ಥ. ಓರೆಗೆರೆಯ ಮುಂದಿನ ಅಲ್ಪವಿರಾಮವನ್ನು ಇದ್ದಲ್ಲಿಯೇ ಇಡಬೇಕು.

ಈ ಮಾದರಿಯಲ್ಲಿ ಒಂದು ಕೊರತೆ ಉಂಟು. ಋಣಸಂಖ್ಯೆಗಳೆಲ್ಲ ಲಕ್ಷಕ್ಕಿಂತ ಚಿಕ್ಕವಾದುದರಿಂದ ಅವು ಮೂರನೆಯ ಭಾಗಕ್ಕೆ ಸೇರುತ್ತವೆ. ಒಂದೂಕಾಲು ಲಕ್ಷದ ಸಾಲವು -125,000.00 ಎಂದು ಪಾಶ್ಚಾತ್ಯ ಕ್ರಮದಲ್ಲಿಯೇ ಕಾಣುವುದು. ಆದುದರಿಂದ ಸಾಧ್ಯವಿದ್ದಲ್ಲೆಲ್ಲ ಯಂತ್ರದ ಪ್ರದೇಶವನ್ನೇ ಭಾರತಕ್ಕೆ ಹೊಂದಿಸಿಕೊಳ್ಳುವುದು ಉತ್ತಮ.

4. ಟೆಕ್ಸ್ಟ್ ಮತ್ತು ಡಾಲರ್ ಎಂಬ ಫಂಕ್ಷನ್‌ಗಳು

ಫಂಕ್ಷನ್ ಎಂದರೆ ಯಂತ್ರವು ಮೊದಲೇ ಬಲ್ಲ ಸಿದ್ಧಸೂತ್ರ. ಇವುಗಳ ಹೆಸರನ್ನೂ ಮನೆಗಳ ಹೆಸರನ್ನೂ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು; ನಿಮ್ಮ ಓದಿನ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ. ನಾವೂ ಊರಿನ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಈ ನಗರಕ್ಕೆ ಬಂದವರು. ಯಂತ್ರದ ಮುಂದೆ ಮೊದಲ ಸಲ ಕುಳಿತಾಗ ಈ ಹೆಸರುಗಳನ್ನು ಕಂಡು ನಮಗೂ ಕೈ ನಡುಗಿದ್ದಿತು. ಅವು ಬರಿಯ ಹೆಸರುಗಳೆಂದು ತಿಳಿದ ಮೇಲೆ ಆ ಭಯವು ಹೋಯಿತು.

ಬಿ2ರಿಂದ ಬಿ39ರವರೆಗೆ ನಮ್ಮ 38 ಮಂದಿಯ ಹಣವಿದೆಯೆಂದು ಭಾವಿಸಿರಿ. ಬಿ40ರಲ್ಲಿ =ಸಮ್(ಬಿ2:ಬಿ39) ಎಂದು ಬರೆದರೆ ಒಟ್ಟು ಮೊತ್ತ ದೊರೆಯುತ್ತದೆ. ಈಗ ಕೆಳಗೆ ಒಂದು ವಾಕ್ಯವನ್ನು ಬರೆಯಬೇಕಾಗಿದೆ. ="ಒಟ್ಟು ಸಂಗ್ರಹ " & ಬಿ40 ಎಂದು ಬರೆದರೆ ಯಂತ್ರವು “ಒಟ್ಟು ಸಂಗ್ರಹ 5700” ಎಂದು ತೋರಿಸುವುದು. ಬಿ40ಕ್ಕೆ ನಾವು ಹಾಕಿದ್ದ ವೇಷವು ವಾಕ್ಯದೊಳಗೆ ಬರಲಿಲ್ಲ. ಒಳಗಿನ ಬೆಲೆ ಮಾತ್ರ ಬಂದಿತು. ಇಂತಹ ಸ್ಥಳದಲ್ಲಿ ಟೆಕ್ಸ್ಟ್ ಎಂಬ ಫಂಕ್ಷನ್ ನೆರವಿಗೆ ಬರುತ್ತದೆ:

="ಒಟ್ಟು ಸಂಗ್ರಹ " & ಟೆಕ್ಸ್ಟ್(ಬಿ40, "₹ #,##0.00")

ಈಗ “ಒಟ್ಟು ಸಂಗ್ರಹ ₹ 5,700.00” ಎಂದು ಚೆನ್ನಾಗಿ ಕಾಣುತ್ತದೆ. ಡಾಲರ್ ಎಂಬ ಇನ್ನೊಂದು ಫಂಕ್ಷನ್ ಇದೆ. =ಡಾಲರ್(ಬಿ40, 2) ಎಂದರೆ ಬಿ40ರ ಬೆಲೆಯನ್ನು ಎರಡು ದಶಾಂಶ ಸ್ಥಾನಗಳವರೆಗೆ ಹಣದ ರೂಪದಲ್ಲಿ ಬರೆ ಎಂದು ಅರ್ಥ. ಹೆಸರು ಡಾಲರ್ ಆದರೂ ಅದು ಯಂತ್ರದ ಪ್ರದೇಶಕ್ಕೆ ತಕ್ಕ ಚಿಹ್ನೆಯನ್ನು ಬಳಸುತ್ತದೆ. ಭಾರತಕ್ಕೆ ಹೊಂದಿಸಿದ ಯಂತ್ರದಲ್ಲಿ ರೂಪಾಯಿಯ ಚಿಹ್ನೆಯೇ ಬರುವುದು.

ಆದರೆ ಇಲ್ಲಿ ಬಹಳ ಎಚ್ಚರ ಬೇಕು. ಟೆಕ್ಸ್ಟ್ ಆಗಲಿ ಡಾಲರ್ ಆಗಲಿ ಕೊಡುವ ಫಲವು ಅಂಕಿಯಲ್ಲ, ಅಕ್ಷರಗಳ ಸಾಲು. ಅದು ವೇಷಧಾರಿಯಲ್ಲ, ವೇಷಧಾರಿಯ ಭಾವಚಿತ್ರ. ಭಾವಚಿತ್ರವನ್ನು ಗೋಡೆಗೆ ತೂಗುಹಾಕಬಹುದು, ಪತ್ರಕ್ಕೆ ಅಂಟಿಸಬಹುದು; ಅದು ಕುಣಿಯಲಾರದು. ಇಂತಹ ಮನೆಗಳ ಮೇಲೆ ಸಮ್ ಅನ್ನು ನಡೆಸಿದರೆ ಅದು ಅವನ್ನು ಮೌನವಾಗಿ ದಾಟಿಹೋಗುತ್ತದೆ. ಎಲ್ಲ ಮನೆಗಳೂ ಹಾಗಿದ್ದರೆ ಮೊತ್ತ ಸೊನ್ನೆಯಾಗುವುದು. ತಪ್ಪು ಒಡನೆಯೇ ತಿಳಿಯುವುದು. ಕೆಲವು ಮಾತ್ರ ಹಾಗಿದ್ದರೆ ಮೊತ್ತವು ಸರಿಯಾದುದರಂತೆಯೇ ಕಾಣುವುದು. ನಮ್ಮ ಹುಡುಗಿಗೆ ಆದುದು ಇದೇ.

ಇದನ್ನು ಗುರುತಿಸುವ ಉಪಾಯಗಳು ಎರಡು. ನಾವು ಬೇರೆ ರೀತಿ ಹೇಳದ ಹೊರತು ಯಂತ್ರವು ಅಂಕಿಗಳನ್ನು ಮನೆಯ ಬಲಕ್ಕೂ ಅಕ್ಷರಗಳನ್ನು ಎಡಕ್ಕೂ ಒತ್ತಿ ನಿಲ್ಲಿಸುತ್ತದೆ. ಅಂಕಿಯೆಂದುಕೊಂಡದ್ದು ಎಡಕ್ಕೆ ನಿಂತಿದ್ದರೆ ಸಂಶಯಪಡಬೇಕು. ಎರಡನೆಯದಾಗಿ, ಪಕ್ಕದ ಮನೆಯಲ್ಲಿ =ಈಸ್‌ನಂಬರ್(ಬಿ2) ಎಂದು ಬರೆದು ನೋಡಬಹುದು. ಅಂಕಿಯಾಗಿದ್ದರೆ ಟ್ರೂ ಎಂದೂ, ಅಲ್ಲದಿದ್ದರೆ ಫಾಲ್ಸ್ ಎಂದೂ ಉತ್ತರ ಬರುವುದು.

5. ಪೈಸೆಯ ಪ್ರಶ್ನೆ

ರೂಪಾಯಿಗೆ ನೂರು ಪೈಸೆ ಎಂಬ ಪದ್ಧತಿ ನಮ್ಮ ದೇಶದಲ್ಲಿ ಜಾರಿಗೆ ಬಂದುದು 1957ನೆಯ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಒಟ್ಟು ರೂಪಾಯಿಗೆ 192 ಪೈ. ನಿಮ್ಮ ಹಿರಿಯರ ಬಾಯಲ್ಲಿ ಎಂಟಾಣೆ, ನಾಲ್ಕಾಣೆ ಎಂಬ ಮಾತುಗಳು ಇನ್ನೂ ಉಳಿದಿರಬಹುದು. ಐದು ರೂಪಾಯಿ ಎಂಟಾಣೆಯನ್ನು ಯಾರಾದರೂ ಯಂತ್ರದಲ್ಲಿ 5.8 ಎಂದು ಬರೆದರೆ ಅದು ಐದು ರೂಪಾಯಿ ಎಂಬತ್ತು ಪೈಸೆಯಾಗುವುದು, ಸರಿಯಾದುದು 5.50. ರೂಪಾಯಿ ನೂರು ಭಾಗವಾದುದರಿಂದಲೇ ದಶಾಂಶದ ಚುಕ್ಕೆಯು ಇಂದು ರೂಪಾಯಿ ಪೈಸೆಗಳ ನಡುವೆ ನೇರವಾಗಿ ನಿಲ್ಲಬಲ್ಲುದು.

ಈಗ ಒಂದು ಉದಾಹರಣೆ. 1,000 ರೂಪಾಯಿಯ ಬಾಡಿಗೆಯನ್ನು ಮೂರು ತರಗತಿಗಳು ಸಮವಾಗಿ ಹಂಚಿಕೊಳ್ಳಬೇಕು. ಪ್ರತಿ ಮನೆಯಲ್ಲಿ =1000/3 ಎಂದು ಬರೆದು ರೂಪಾಯಿಯ ವೇಷವನ್ನು ಹಾಕಿದರೆ ಮೂರೂ ಕಡೆ ₹333.33 ಎಂದು ಕಾಣುತ್ತದೆ; ಕೆಳಗೆ ಮೊತ್ತ ₹1,000.00 ಎಂದು ಕಾಣುತ್ತದೆ. ನೀವು ಕಾಗದದ ಮೇಲೆ ಕೂಡಿಸಿದರೆ 999.99 ಬರುವುದು. ಯಾರು ಸರಿ? ಇಬ್ಬರೂ ಸರಿಯೇ. ವೇಷವು ಎರಡು ಅಂಕಿಗಳನ್ನು ಮಾತ್ರ ತೋರಿಸಿತು, ಒಳಗಿನ ಬೆಲೆಯಲ್ಲಿ ಮೂರುಗಳ ಸಾಲು ಇನ್ನೂ ಮುಂದುವರಿದಿದೆ. ಯಂತ್ರವು ಒಳಗಿನ ಬೆಲೆಗಳನ್ನು ಕೂಡಿಸಿತು. ನೀವು ಹೊರಗೆ ಕಂಡುದನ್ನು ಕೂಡಿಸಿದಿರಿ.

ಬೆಲೆಯನ್ನೇ ಎರಡು ಸ್ಥಾನಗಳಿಗೆ ನಿಲ್ಲಿಸಬೇಕಾದರೆ =ರೌಂಡ್(1000/3, 2) ಎಂದು ಬರೆಯಬೇಕು. ಆಗ ಒಳಗೂ ಹೊರಗೂ 333.33 ಇರುವುದು, ಮೊತ್ತವು 999.99 ಎಂದೇ ಬರುವುದು. ಉಳಿದ ಒಂದು ಪೈಸೆಯನ್ನು ಯಾರು ಕೊಡಬೇಕೆಂಬುದನ್ನು ಯಂತ್ರವು ಹೇಳದು. ಅದನ್ನು ಮನುಷ್ಯರು ಕುಳಿತು ತೀರ್ಮಾನಿಸಬೇಕು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ನೆಯ ಜೂನ್ 30ರಿಂದ ನಿಂತುಹೋಗಿದೆ. ಹೀಗಿರಲು ನಗದು ಕೊಡುವಲ್ಲಿ 333, 333, 334 ಎಂದು ಪೂರ್ಣ ರೂಪಾಯಿಗಳಲ್ಲಿ ಹಂಚಿಕೊಳ್ಳುವುದೇ ವ್ಯವಹಾರಕ್ಕೆ ಒಪ್ಪುವುದು. ಬ್ಯಾಂಕಿನ ಮೂಲಕ ಕಳುಹಿಸುವಾಗ ಪೈಸೆಗೆ ಇಂದಿಗೂ ಲೆಕ್ಕ ಉಂಟು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ಗಾದೆಯನ್ನು ಲೆಕ್ಕ ಬರೆಯುವವನು ಮರೆಯಬಾರದು.

6. ಚಿಹ್ನೆ ಬದಲಾದರೆ ಬೆಲೆ ಬದಲಾಗದು

ದುಬಾಯಿಯಲ್ಲಿರುವ ಚಿಕ್ಕಪ್ಪ 500 ದಿರ್ಹಮ್ ಕಳುಹಿಸಿದರೆಂದು ಭಾವಿಸಿರಿ. ಆ ಮನೆಗೆ ರೂಪಾಯಿಯ ವೇಷವನ್ನು ಹಾಕಿದರೆ ಯಂತ್ರವು ಹಿಂದುಮುಂದು ನೋಡದೆ ₹500.00 ಎಂದು ತೋರಿಸುವುದು. ಚಿಹ್ನೆಯನ್ನು ಬದಲಿಸುವುದು ವಿನಿಮಯ ಮಾಡಿದಂತಲ್ಲ. ರೂಪಾಯಿಗೆ ಪರಿವರ್ತಿಸಬೇಕಾದರೆ ಆ ದಿನದ ವಿನಿಮಯ ದರವನ್ನು ಒಂದು ಪ್ರತ್ಯೇಕ ಮನೆಯಲ್ಲಿ, ಡಿ1ರಲ್ಲಿ ಎನ್ನೋಣ, ಬರೆದಿಟ್ಟು =ಬಿ2*ಡಿ1 ಎಂದು ಗುಣಿಸಬೇಕು. ಅನಂತರವೇ ರೂಪಾಯಿಯ ವೇಷ.

ಇನ್ನೊಂದು ವಿಚಿತ್ರ ಸಂಗತಿ. ಎಕ್ಸೆಲ್‌ನಲ್ಲಿ ಬಾತ್‌ಟೆಕ್ಸ್ಟ್ ಎಂಬ ಫಂಕ್ಷನ್ ಒಂದಿದೆ. ಅದು ಯಾವುದೇ ಮೊತ್ತವನ್ನು ಥಾಯ್ ಭಾಷೆಯ ಅಕ್ಷರಗಳಲ್ಲಿ, ಥಾಯ್ಲೆಂಡಿನ ಬಾತ್ ನಾಣ್ಯದ ಲೆಕ್ಕದಲ್ಲಿ ಬರೆದುಕೊಡುತ್ತದೆ. ರೂಪಾಯಿಗೆ ಅಂತಹ ಸಿದ್ಧ ಫಂಕ್ಷನ್ ಅದರಲ್ಲಿಲ್ಲ. “ಐದು ಸಾವಿರದ ಏಳುನೂರು ರೂಪಾಯಿಗಳು ಮಾತ್ರ” ಎಂದು ನಾವೇ ಬರೆಯಬೇಕು. ಇದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅಕ್ಷರಗಳಲ್ಲಿ ಬರೆಯುವಾಗ ಅಂಕಿಯನ್ನು ಇನ್ನೊಮ್ಮೆ ಓದಲೇಬೇಕಾಗುವುದು.

7. ಮನದಲ್ಲಿಡತಕ್ಕ ಮಾತುಗಳು

ಮನೆಯೊಳಗೆ ಬರಿಯ ಅಂಕಿಯನ್ನು ಬರೆಯಿರಿ. “ಮೊತ್ತ (ರೂ.)” ಎಂದು ಕಂಬಸಾಲಿನ ತಲೆಯಲ್ಲಿ ಒಮ್ಮೆ ಬರೆದರೆ ಸಾಕು. ಕೂಡಿಸಬೇಕಾದ ಅಂಕಿಗಳಿಗೆ ವೇಷವನ್ನು ಹಾಕಿರಿ. ಟೆಕ್ಸ್ಟ್ ಮತ್ತು ಡಾಲರ್‌ಗಳನ್ನು ವಾಕ್ಯಗಳಿಗೂ ಪತ್ರಗಳಿಗೂ ಮೀಸಲಾಗಿಡಿರಿ. ಪೈಸೆಯನ್ನು ನಿಲ್ಲಿಸಬೇಕಾದಲ್ಲಿ ರೌಂಡ್ ಅನ್ನು ಬಳಸಿರಿ. ಎಲ್ಲ ಆದ ಮೇಲೆ ಒಮ್ಮೆ ಬಾಯಿಲೆಕ್ಕದಿಂದ ಸರಿನೋಡಿರಿ. ಆ ದಿನ ಸಭೆಯಲ್ಲಿ ತಪ್ಪನ್ನು ಕಂಡುಹಿಡಿದುದು ಯಂತ್ರವಲ್ಲ, ಹಿಂದಿನ ಸಾಲಿನವರ ಬಾಯಿಲೆಕ್ಕ.

ಅಭ್ಯಾಸ

(ಅ) ನಿಮ್ಮ ಮನೆಯ ಒಂದು ವಾರದ ಹಾಲು, ತರಕಾರಿ, ರೈಲು ಬಸ್ಸುಗಳ ಖರ್ಚನ್ನು ಹಾಳೆಯಲ್ಲಿ ಬರೆದು, ಅಕೌಂಟಿಂಗ್ ವೇಷವನ್ನು ಹಾಕಿ ಮೊತ್ತವನ್ನು ತೋರಿಸಿರಿ.

(ಆ) ಅದರಲ್ಲಿ ಒಂದು ಮನೆಯಲ್ಲಿ ಬೇಕೆಂದೇ “ರೂ.” ಎಂದು ಸೇರಿಸಿರಿ. ಮೊತ್ತವು ಎಷ್ಟು ಕಡಿಮೆಯಾಯಿತು? ಏಕೆ?

(ಇ) 2,000 ರೂಪಾಯಿಯನ್ನು 7 ಮಂದಿಗೆ ಹಂಚಿರಿ. ರೌಂಡ್ ಬಳಸದೆ ಒಮ್ಮೆ, ಬಳಸಿ ಇನ್ನೊಮ್ಮೆ ಮೊತ್ತವನ್ನು ಕೂಡಿಸಿ, ವ್ಯತ್ಯಾಸವನ್ನು ವಿವರಿಸಿರಿ.

ಕಡೆಯದಾಗಿ ಒಂದು ಮಾತು. ಮರುದಿನ ಆ ಹುಡುಗಿ ಹನ್ನೆರಡು ಮನೆಗಳನ್ನೂ ತಾನೇ ತಿದ್ದಿ, ಹೊಸ ಹಾಳೆಯನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದಳು. ಕೆಳಗೆ ಒಟ್ಟು ಮೊತ್ತ ₹5,700.00 ಎಂದಿದ್ದಿತು. ಅದರ ಪಕ್ಕದಲ್ಲಿಯೇ ಹಳೆಯ ಹಾಳೆಯನ್ನೂ ಅಂಟಿಸಿ, ಎಲ್ಲಿ ತಪ್ಪಿತೆಂಬುದನ್ನು ಎರಡು ಸಾಲುಗಳಲ್ಲಿ ಬರೆದಿದ್ದಳು. ಹಾಗೆ ಮಾಡೆಂದು ನಾವು ಆಕೆಗೆ ಹೇಳಿರಲಿಲ್ಲ. ಬೀಳ್ಕೊಡುಗೆಯ ದಿನದವರೆಗೂ ಡಬ್ಬಿಯ ಕೀಲಿಕೈ ಆಕೆಯ ಬಳಿಯಲ್ಲಿಯೇ ಇದ್ದಿತು.